ಬೆನ್ನ ಮೇಲಿನ ಚಿತ್ರ: ಎದೊ ನಗರದಿಂದ ಟೀ ಶರ್ಟಿನವರೆಗೆ



ಬಟ್ಟೆಯ ಮೇಲೆ ಮನುಷ್ಯನ ಕೈ ಮಾಡುವ ಕೆಲಸವನ್ನು ಕುರಿತು ವರ್ಷಕ್ಕೊಂದು ಮಾತು ನಡೆಯಲಿ ಎಂಬುದು ಈ ಉಪನ್ಯಾಸ ದತ್ತಿಯ ಆಶಯ. ನೇಯ್ಗೆ, ಕಸೂತಿ, ಬಣ್ಣಗಾರಿಕೆಗಳ ಬಗ್ಗೆ ಬಲ್ಲವರು ಈ ವೇದಿಕೆಯಲ್ಲಿ ಮಾತಾಡಿದ್ದಾರೆ. ನಾನು ಆರಿಸಿಕೊಂಡದ್ದು ಟೀ ಶರ್ಟು. ಅದರಲ್ಲೂ ಜಪಾನಿನ ಹಳೆಯ ಚಿತ್ರಗಳನ್ನು ಹೊತ್ತ ಟೀ ಶರ್ಟು. ಉಗುರು ಚಾಚಿದಂತಿರುವ ನೀಲಿ ಅಲೆ, ಜಲಪಾತ ಏರುವ ಕಾರ್ಪ್ ಮೀನು, ಕೊಂಬಿನ ಮುಖವಾಡ, ಕತ್ತಲೊಳಗಿಂದ ಬಗ್ಗಿ ನೋಡುವ ದೈತ್ಯ ಅಸ್ಥಿಪಂಜರ. ಬೆಂಗಳೂರಿನ ಮೆಟ್ರೊದಲ್ಲಿ, ಕಾಲೇಜಿನ ಕಾರಿಡಾರುಗಳಲ್ಲಿ ಇವನ್ನು ನೀವು ಬೇಕಾದಷ್ಟು ಕಂಡಿದ್ದೀರಿ. ಈ ಸಭೆಯಲ್ಲೇ ಎರಡನೇ ಸಾಲಿನಲ್ಲಿ ಒಂದು ಅಲೆ ಕೂತಿದೆ.

ವಿಷಯ ಪ್ರಕಟವಾದ ಮೇಲೆ ಒಬ್ಬ ಹಿರಿಯ ಕಲಾವಿದರು, ದೊಡ್ಡ ಕಲೆ ಬನಿಯನ್ನಿನ ಮಟ್ಟಕ್ಕೆ ಇಳಿದ ಕಥೆ ಹೇಳುತ್ತೀರೇನು ಎಂದು ಕೇಳಿದರು. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಇತಿಹಾಸ ನೋಡಿದರೆ ಇಳಿದದ್ದು ಕಾಣುವುದಿಲ್ಲ. ಈ ಚಿತ್ರಗಳನ್ನು ಬರೆದವರು ಬಟ್ಟೆಯ ಕಸುಬಿನ ನಡುವೆಯೇ ಬೆಳೆದವರು. ಅವರ ಗೆರೆಗಳು ಮೊದಲಿನಿಂದಲೂ ಜನರ ಮೈಮೇಲೆ ಓಡಾಡಿವೆ. ಈಗ ಬಟ್ಟೆಗೆ ಮರಳಿವೆ, ಅಷ್ಟೆ. ಮರಳುವ ದಾರಿಯಲ್ಲಿ ಏನೇನು ಉದುರಿಹೋಯಿತು ಎಂಬುದು ಮಾತ್ರ ನಾವು ನಿಜವಾಗಿ ಚಿಂತಿಸಬೇಕಾದ ಸಂಗತಿ.

ಆ ಪ್ರಸಿದ್ಧ ಅಲೆಯಿಂದಲೇ ಹೊರಡುತ್ತೇನೆ. ಕತ್ಸುಶಿಕಾ ಹೊಕುಸಾಯಿ 1760ರಲ್ಲಿ ಎದೊ ನಗರದಲ್ಲಿ, ಅಂದರೆ ಇವತ್ತಿನ ಟೋಕಿಯೊದಲ್ಲಿ ಹುಟ್ಟಿದ. 1831ರ ಸುಮಾರಿಗೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಫೂಜಿ ಪರ್ವತದ ಮೂವತ್ತಾರು ನೋಟಗಳು ಎಂಬ ಸರಣಿಗೆ ಕನಗಾವಾ ಕಡಲಿನ ಅಲೆಯನ್ನು ಬರೆದ. ಸರಣಿ ಎಷ್ಟು ಬಿಕರಿಯಾಯಿತೆಂದರೆ ಪ್ರಕಾಶಕ ನಿಶಿಮುರಾಯ ಯೊಹಾಚಿ ಇನ್ನೂ ಹತ್ತು ನೋಟಗಳನ್ನು ಸೇರಿಸಿದ. ಮೂವತ್ತಾರು ಎಂದು ಹೆಸರಿದ್ದರೂ ಒಟ್ಟು ಚಿತ್ರಗಳು 46. ಅಲೆಯ ಹಾಳೆ ಸುಮಾರು 25 ಸೆಂಟಿಮೀಟರ್ ಎತ್ತರ, 37 ಸೆಂಟಿಮೀಟರ್ ಅಗಲ. ಅದನ್ನು ಗೋಡೆಗಿಂತ ಹೆಚ್ಚಾಗಿ ಕೈಯಲ್ಲಿ ಹಿಡಿದು ನೋಡುತ್ತಿದ್ದರು. ಒಂದೆರಡು ಬಟ್ಟಲು ಸೋಬಾ ಶಾವಿಗೆಯ ಬೆಲೆಗೆ ಅಂಗಡಿಯಲ್ಲಿ ಸಿಗುತ್ತಿತ್ತು. ಬಡಗಿ, ಮೀನುಗಾರ, ಊರಿಗೆ ಹೊರಟ ಯಾತ್ರಿಕ ಯಾರು ಬೇಕಾದರೂ ಕೊಳ್ಳಬಹುದಿತ್ತು. ಅದೇ ಅಚ್ಚಿನ ಒಂದು ಹಾಳೆ 2023ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ 27 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು. ಮರುವರ್ಷ ಜುಲೈಯಲ್ಲಿ ಜಪಾನ್ ಹೊರತಂದ ಹೊಸ ಸಾವಿರ ಯೆನ್ ನೋಟಿನ ಹಿಂಬದಿಯಲ್ಲೂ ಅದೇ ಅಲೆ. ಹರಾಜಿನ ಮನೆಗಿಂತ ನೋಟಿನ ಮೇಲೆಯೇ ಅದು ತನ್ನ ಹುಟ್ಟಿಗೆ ಹತ್ತಿರವಾಗಿದೆ ಎಂದು ನನ್ನ ಭಾವನೆ. ಅಂಗಿಯ ಮೇಲೆ ಇನ್ನೂ ಹತ್ತಿರ.

ಯಾಕೆ ಹೀಗೆ ಹೇಳುತ್ತೇನೆ? ಹೊಕುಸಾಯಿ ಬಟ್ಟೆಯ ವಿನ್ಯಾಸಕನೂ ಆಗಿದ್ದ. 1824ರಲ್ಲಿ ಅವನು ಬಣ್ಣಗಾರರಿಗಾಗಿ ಪುಟ್ಟ ಪುಟ್ಟ ಮಾದರಿಗಳ ಪುಸ್ತಕವೊಂದನ್ನು ಪ್ರಕಟಿಸಿದ. ಅದರ ಹೆಸರು ಶಿಂಗಾತಾ ಕೊಮೊಂಚೊ. ಅದಕ್ಕೂ ಸ್ವಲ್ಪ ಮುಂಚೆ ಬಾಚಣಿಗೆ ಮತ್ತು ಧೂಮಪಾನದ ಕೊಳವೆಗಳ ಅಲಂಕಾರಕ್ಕೂ ಮಾದರಿ ಪುಸ್ತಕ ಮಾಡಿದ್ದ. ಇನ್ನೂ ಹಿಂದಕ್ಕೆ ಹೋದರೆ, ಉಕಿಯೊ-ಎ ಎಂಬ ಈ ಮರದಚ್ಚಿನ ಚಿತ್ರಪರಂಪರೆಯ ಮೊದಲಿಗ ಎನ್ನಲಾಗುವ ಹಿಶಿಕಾವಾ ಮೊರೊನೊಬು ಬಂದದ್ದೇ ಬಟ್ಟೆಗೆ ಬಣ್ಣ ಮತ್ತು ಜರಿ ಕಸೂತಿ ಮಾಡುವ ಮನೆಯಿಂದ. ಅಸ್ಥಿಪಂಜರ ಬರೆದ ಉತಾಗಾವಾ ಕುನಿಯೋಶಿ ರೇಷ್ಮೆ ಬಣ್ಣಗಾರನ ಮಗ. ಕ್ಯೋಟೊದ ಬೀಸಣಿಗೆ ಚಿತ್ರಕಾರ ಮಿಯಾಜಾಕಿ ಯೂಜೆನ್‌ಸಾಯಿಯ ಹೆಸರೇ ಯೂಜೆನ್ ಎಂಬ ಬಣ್ಣಗಾರಿಕೆಗೆ ನಿಂತುಹೋಯಿತು. ಕುಂಚದವನು ಬೇರೆ, ಬಟ್ಟೆಯವನು ಬೇರೆ ಎಂಬ ಗೋಡೆ ಅಲ್ಲಿ ಇರಲಿಲ್ಲ. ಒಂದೇ ಕುಟುಂಬ, ಒಂದೇ ಬೀದಿ, ಎಷ್ಟೋ ಸಲ ಒಂದೇ ಕೈ.

ಹದಿನೇಳನೇ ಶತಮಾನದ ಉತ್ತರಾರ್ಧದಿಂದ ಜಪಾನಿನಲ್ಲಿ ಹಿನಗತಾ ಎಂಬ ವಿನ್ಯಾಸ ಪುಸ್ತಕಗಳು ಅಚ್ಚಾಗತೊಡಗಿದವು. ಅಂಗಡಿಗೆ ಬಂದ ಹೆಂಗಸರು ಪುಟ ತಿರುವಿ ತಮಗೆ ಬೇಕಾದ ನಮೂನೆ ಆರಿಸುವುದಕ್ಕೆ. ಪ್ರತಿ ಪುಟದಲ್ಲೂ ಒಂದು ಕೊಸೋಡೆ ಉಡುಪಿನ ಆಕಾರ, ತೋಳು ಚಾಚಿ ಬಿಡಿಸಿಟ್ಟಂತೆ. ಅದನ್ನು ತೋರಿಸುವುದು ಹಿಂದಿನಿಂದ. ಬೆನ್ನೇ ಕ್ಯಾನ್ವಾಸು. ಬಲಭುಜದಿಂದ ಹೊರಟ ಹೂಗೊಂಚಲೋ ನೀರಿನ ಸುಳಿಯೋ ಬೆನ್ನನ್ನು ಬಳಸಿ ಅಂಚಿಗೆ ಇಳಿಯುತ್ತದೆ. ಎಡಭಾಗದ ಸೊಂಟದ ಬಳಿ ದೊಡ್ಡ ಖಾಲಿ ಜಾಗ. ಇದು ಕ್ಯಾನ್‌ಬುನ್ ಕಾಲದ ಶೈಲಿ, ಅಂದರೆ 1661ರಿಂದ 1673ರವರೆಗಿನ ಮಾತು. ನಡೆಯುವ ಹೆಂಗಸನ್ನು ಹಿಂದಿನಿಂದ ನೋಡುವವನ ಕಣ್ಣಿಗಾಗಿ ಹೂಡಿದ ಚಿತ್ರ. ಇಂದು ಟೀ ಶರ್ಟು ಮಾಡುವವರು ಎದೆಯ ಮೇಲೆ ಸಣ್ಣ ಗುರುತು, ಬೆನ್ನ ತುಂಬ ದೊಡ್ಡ ಚಿತ್ರ ಹಾಕುತ್ತಾರಲ್ಲ, ಆ ಯೋಚನೆ ಆ ಪುಟಗಳಲ್ಲಿ ಪೂರ್ಣವಾಗಿ ಇದೆ. ವಿದ್ಯಾರ್ಥಿಗಳು ಈ ಹಿನಗತಾಗಳನ್ನು ಹುಡುಕಿ ನೋಡಬೇಕು. ಖಾಲಿ ಜಾಗ ಬಿಡುವ ಧೈರ್ಯ ಕಲಿಯಲು ಅದಕ್ಕಿಂತ ಒಳ್ಳೆಯ ಪಾಠಪುಸ್ತಕ ನನಗೆ ಗೊತ್ತಿಲ್ಲ.

ಆದರೆ ಟೀ ಶರ್ಟಿನ ನಿಜವಾದ ಪೂರ್ವಜ ರೇಷ್ಮೆಯ ಕೊಸೋಡೆ ಅಲ್ಲ. ಬೆಂಕಿ ಆರಿಸುವವರ ಹತ್ತಿ ಕೋಟು. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕು.

ಎದೊ ಮರ ಮತ್ತು ಕಾಗದದ ನಗರ. 1657ರ ಮಹಾ ಅಗ್ನಿದುರಂತ ಊರಿನ ಹೆಚ್ಚು ಪಾಲನ್ನು ಬೂದಿ ಮಾಡಿತು. 1720ರಲ್ಲಿ ಶೋಗನ್ ಯೊಶಿಮುನೆಯ ಆಡಳಿತ ಸಾಮಾನ್ಯ ನಿವಾಸಿಗಳ ಅಗ್ನಿಶಾಮಕ ದಳಗಳನ್ನು ಇ-ರೊ-ಹ ಅಕ್ಷರಮಾಲೆಯ ಕ್ರಮದಲ್ಲಿ ಸಂಘಟಿಸಿತು, ಅಕ್ಷರಕ್ಕೊಂದು ದಳ. ದಳದಲ್ಲಿದ್ದವರು ಹೆಚ್ಚಾಗಿ ಕಟ್ಟಡ ಕೆಲಸದವರು. ಅವರಿಗೆ ಮನೆ ಕಟ್ಟುವುದೂ ಗೊತ್ತು, ಕೆಡವುವುದೂ ಗೊತ್ತು. ಬೆಂಕಿಗೆ ಎದುರಾಗಿ ಮಾಡುತ್ತಿದ್ದ ಮುಖ್ಯ ಕೆಲಸ ಕೆಡವುವುದೇ: ಉರಿ ಹಬ್ಬುವ ದಾರಿಯಲ್ಲಿದ್ದ ಮನೆಗಳನ್ನು ಕೊಕ್ಕೆಗಳಿಂದ ಎಳೆದು ಬೀಳಿಸಿ ಬಯಲು ಮಾಡುವುದು. ಅವರು ತೊಡುತ್ತಿದ್ದ ಕೋಟು ಹಲವು ಪದರದ ಹತ್ತಿ. ಪದರಗಳನ್ನು ಸಾಶಿಕೊ ಎಂಬ ಒತ್ತೊತ್ತಾದ ಓಟದ ಹೊಲಿಗೆಯಿಂದ ಬಿಗಿದಿರುತ್ತಿದ್ದರು. ಬೆಂಕಿಗೆ ನುಗ್ಗುವ ಮುಂಚೆ ಅದನ್ನು ನೀರಿನಲ್ಲಿ ನೆನೆಸುತ್ತಿದ್ದರು. ದಪ್ಪ ಹತ್ತಿ ನೀರು ಹೀರಿ ಭಾರವಾಗುತ್ತಿತ್ತು, ಒಳಗಿನ ಮೈ ಉಳಿಯುತ್ತಿತ್ತು.

ಕೋಟಿನ ಹೊರಮುಖ ಸಾದಾ ಕಡುನೀಲಿ, ದಳದ ಗುರುತು ಮಾತ್ರ. ಒಳಮುಖದಲ್ಲಿ ಬೆನ್ನ ತುಂಬ ಚಿತ್ರ: ಮಳೆ ಕರೆಯುವ ಡ್ರ್ಯಾಗನ್, ಬೋರ್ಗರೆವ ಅಲೆ, ಗುಡುಗಿನ ದೇವರು, ರಾಕ್ಷಸನನ್ನು ಕೊಲ್ಲುವ ವೀರ. ಅಕ್ಕಿ ಅಂಟನ್ನು ಕೊಳವೆಯಿಂದ ಹಿಂಡುತ್ತ ಗೆರೆ ಎಳೆದು, ಗೆರೆಗಳ ನಡುವೆ ಬಣ್ಣ ತುಂಬಿ ಅದನ್ನು ಮಾಡುತ್ತಿದ್ದರು. ಬೆಂಕಿಯ ನಡುವೆ ಆ ಚಿತ್ರ ಯಾರಿಗೂ ಕಾಣುವುದಿಲ್ಲ. ಅದು ತೊಟ್ಟವನ ಬೆನ್ನಿಗೆ ಒತ್ತಿಕೊಂಡಿರುತ್ತದೆ. ಬೆಂಕಿ ಆರಿದ ಮೇಲೆ ದಳದವರು ಕೋಟನ್ನು ಒಳಹೊರಗು ಮಾಡಿ ತೊಟ್ಟು ಬೀದಿಯಲ್ಲಿ ಮನೆಗೆ ಹೊರಡುತ್ತಿದ್ದರು. ಆಗ ಊರು ಆ ಡ್ರ್ಯಾಗನ್ನುಗಳನ್ನು ನೋಡುತ್ತಿತ್ತು. ಇಂಥ ಕೋಟುಗಳು ಈಗ ಹಲವು ಸಂಗ್ರಹಾಲಯಗಳಲ್ಲಿವೆ. ಕೆಲವುಗಳಲ್ಲಿ ಕಿಡಿ ಬಿದ್ದ ತೂತುಗಳೂ ಉಳಿದಿವೆ. ಚಿತ್ರವೊಂದನ್ನು ಮೈಮೇಲೆ ಹೊರುವುದಕ್ಕೆ ಇದಕ್ಕಿಂತ ಗಾಢವಾದ ಕಾರಣ ನನಗೆ ಬೇರೆಲ್ಲೂ ಕಂಡಿಲ್ಲ.

ಆ ವೀರರು ಎಲ್ಲಿಂದ ಬಂದರು ಎಂಬುದೂ ಸ್ವಾರಸ್ಯದ ಕಥೆ. 1827ರಿಂದ ಕುನಿಯೋಶಿ ಚೀನಾದ ಹಳೆಯ ಕಾದಂಬರಿಯೊಂದರ ದರೋಡೆ ವೀರರನ್ನು, ಸುಯಿಕೊದೆನ್‌ನ 108 ಜನರನ್ನು, ಒಬ್ಬೊಬ್ಬರನ್ನೇ ಒಂದೊಂದು ಹಾಳೆಯಲ್ಲಿ ಬರೆಯತೊಡಗಿದ. ಕೆಲವರ ಮೈತುಂಬ ಹಚ್ಚೆ ತುಂಬಿದ. ಒಂಬತ್ತು ಡ್ರ್ಯಾಗನ್ನುಗಳನ್ನು ಮೈಗೆ ಸುತ್ತಿಕೊಂಡ ಶಿಶಿನ್ ಅವರಲ್ಲೊಬ್ಬ. ಹಾಳೆಗಳು ಬಿಸಿ ಬಿಸಿ ಮಾರಾಟವಾದವು. ನೋಡಿದ ಬಡಗಿಗಳು, ಹೊರೆಯಾಳುಗಳು, ಬೆಂಕಿದಳದವರು ಆ ವೀರರನ್ನೇ ತಮ್ಮ ಬೆನ್ನಿಗೆ ಹಚ್ಚೆ ಹಾಕಿಸಿಕೊಂಡರು. ಹಾಳೆಯಿಂದ ಚರ್ಮಕ್ಕೆ, ಚರ್ಮದಿಂದ ಕೋಟಿನ ಒಳಬದಿಗೆ. ಮೇಯಿಜಿ ಸರ್ಕಾರ 1872ರಲ್ಲಿ ಹಚ್ಚೆಯನ್ನು ನಿಷೇಧಿಸಿತು. ನಿಷೇಧ ತೆರವಾದದ್ದು 1948ರಲ್ಲಿ. ನಡುವಿನ ಮುಕ್ಕಾಲು ಶತಮಾನ ಆ ಚಿತ್ರಗಳು ಬಟ್ಟೆಯ ಕೆಳಗೆ ಅಡಗಿ ಬದುಕಿದವು. ಅದಾಗಿ 1971ರಲ್ಲಿ ಉಡುಪು ವಿನ್ಯಾಸಕ ಇಸ್ಸೆ ಮಿಯಾಕೆ ನ್ಯೂಯಾರ್ಕಿನಲ್ಲಿ ತೋರಿಸಿದ ತನ್ನ ಉಡುಪುಗಳಲ್ಲಿ ಮೈಗೆ ಅಂಟುವ ತೆಳು ಬಟ್ಟೆಯ ಮೇಲೆ ಜಪಾನೀ ಹಚ್ಚೆಯ ಶೈಲಿಯಲ್ಲೇ ಜಿಮಿ ಹೆಂಡ್ರಿಕ್ಸ್ ಮತ್ತು ಜಾನಿಸ್ ಜಾಪ್ಲಿನ್ ಮುಖಗಳನ್ನು ಅಚ್ಚು ಹಾಕಿದ. ಇಬ್ಬರೂ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು. ಸುಯಿಕೊದೆನ್ ವೀರರ ಜಾಗದಲ್ಲಿ ರಾಕ್ ಸಂಗೀತದ ಇಬ್ಬರು ಮೃತರು. ಕುನಿಯೋಶಿ ಬದುಕಿದ್ದರೆ ಮೆಚ್ಚುತ್ತಿದ್ದ ಎಂದೇ ನಾನು ನಂಬುತ್ತೇನೆ.

ಯುದ್ಧಾನಂತರದ ಇನ್ನೊಂದು ಕೊಂಡಿಯನ್ನು ಬೇಗ ಮುಗಿಸುತ್ತೇನೆ. ಯೊಕೊಸುಕಾ ಬಂದರಿನಲ್ಲಿ ನೆಲೆಸಿದ ಅಮೆರಿಕದ ಸೈನಿಕರಿಗೆ ನೆನಪಿನ ಕಾಣಿಕೆಯಾಗಿ ಮಾರಿದ ಹೊಳೆವ ಜಾಕೆಟ್ಟುಗಳು, ಅವುಗಳ ಬೆನ್ನಿಗೆ ಕಿರ್ಯೂ ಮತ್ತು ಅಶಿಕಾಗಾ ಊರುಗಳ ಕಸೂತಿಗಾರರು ಹೊಲಿದ ಹುಲಿ, ಹದ್ದು, ಡ್ರ್ಯಾಗನ್. ಸುಕಾಜಾನ್ ಎಂದು ಅವಕ್ಕೆ ಹೆಸರು. ಅಮೆರಿಕದ ಉಡುಪು ಮತ್ತು ಜಪಾನಿನ ಬೆನ್ನಚಿತ್ರ ಒಂದನ್ನೊಂದು ಗುರುತಿಸಿದ್ದು ಇಂಥ ಬಂದರುಗಳಲ್ಲಿ.

ಇನ್ನು ತಂತ್ರದ ಮಾತು. ಇದು ನನಗೆ ಅತ್ಯಂತ ಪ್ರಿಯವಾದ ಭಾಗ.

ಟೀ ಶರ್ಟಿನ ಮೇಲೆ ಚಿತ್ರ ಮೂಡಿಸಲು ಬಹುಪಾಲು ಬಳಸುವುದು ಸ್ಕ್ರೀನ್ ಪ್ರಿಂಟಿಂಗ್. ಚೌಕಟ್ಟಿಗೆ ಬಿಗಿದ ಜಾಲರಿ, ಅಚ್ಚಾಗಬಾರದ ಜಾಗ ಮುಚ್ಚಿರುತ್ತದೆ, ರಬ್ಬರ್ ಅಂಚಿನ ಪಟ್ಟಿಯಿಂದ ಬಣ್ಣ ಎಳೆದರೆ ತೆರೆದ ಜಾಗದಲ್ಲಿ ಇಳಿಯುತ್ತದೆ. ಬಣ್ಣಕ್ಕೊಂದು ಜಾಲರಿ. ಈ ತಂತ್ರಕ್ಕೆ ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ 1907ರಲ್ಲಿ ಪೇಟೆಂಟ್ ಪಡೆದ. ಆದರೆ ಅದರ ಬೇರು ಜಪಾನಿನ ಕಟಗಾಮಿ ಎಂಬ ಕೊರೆಯಚ್ಚಿನಲ್ಲಿದೆ ಎಂದು ಮುದ್ರಣದ ಇತಿಹಾಸಕಾರರು ಗುರುತಿಸುತ್ತಾರೆ.

ಇಸೆ ಪ್ರಾಂತ್ಯದ ಶಿರೊಕೊ ಮತ್ತು ಜಿಕೆ, ಇಂದು ಸುಜುಕಾ ನಗರಕ್ಕೆ ಸೇರಿದ ಎರಡು ಊರುಗಳು, ಕಟಗಾಮಿಯ ತವರು. ಸುಜುಕಾ ಎಂದರೆ ನಮ್ಮ ಹುಡುಗರಿಗೆ ಫಾರ್ಮುಲಾ ಒನ್ ಓಟದ ನೆನಪು, ಅದೇ ಊರು. ಕೊಜೊ ಗಿಡದ ನಾರಿನ ಕಾಗದಗಳನ್ನು ಎರಡೋ ಮೂರೋ ಸೇರಿಸಿ, ಕಾಯಿ ಪರ್ಸಿಮನ್ನಿನ ಒಗರು ರಸದಿಂದ ಅಂಟಿಸಿ, ಹೊಗೆಯಲ್ಲಿಟ್ಟು ಗಟ್ಟಿ ಮಾಡುತ್ತಾರೆ. ಕಂದು ಬಣ್ಣಕ್ಕೆ ತಿರುಗಿದ ಕಾಗದ ನೀರಿಗೆ ಹೆದರುವುದಿಲ್ಲ. ಅದರ ಮೇಲೆ ಕೊರೆಯುವ ಕೆಲಸ. ಅರೆವೃತ್ತದ ಸೂಜಿಬಾಯಿಯ ಉಳಿಯನ್ನು ತಿರುಗಿಸುತ್ತ ತೂತು ಹಾಕುವುದೊಂದು ಬಗೆ, ಹೂದಳದ ಆಕಾರದ ಉಳಿಯನ್ನೇ ಒತ್ತುವುದೊಂದು ಬಗೆ, ಉಕ್ಕಿನ ಅಳತೆಪಟ್ಟಿ ಹಿಡಿದು ಪಟ್ಟೆ ಎಳೆಯುವುದೊಂದು ಬಗೆ. ಪಟ್ಟೆಯ ಕೆಲಸವೇ ಅತಿ ಕಷ್ಟವೆಂದು ಬಲ್ಲವರು ಹೇಳುತ್ತಾರೆ, ಒಂದು ಗೆರೆ ನಡುಗಿದರೆ ಇಡೀ ಹಾಳೆ ಹೋಯಿತು.

ನಮ್ಮ ಸಂತೆಯಲ್ಲಿ ಸಿಗುವ ರಂಗೋಲಿಯ ತೂತಿನ ತಟ್ಟೆ ನೋಡಿದ್ದೀರಿ. ಅದರಲ್ಲಿ ಪೂರ್ಣ ವೃತ್ತ ಬಿಡಿಸಲಾಗುವುದಿಲ್ಲ. ಸುತ್ತ ಕತ್ತರಿಸಿದರೆ ನಡುವಿನ ತುಂಡು ಬಿದ್ದುಹೋಗುತ್ತದೆ. ಅದಕ್ಕೇ ಅಲ್ಲಿ ಚುಕ್ಕಿಗಳೇ ಗೆರೆಗಳು. ಇಸೆಯ ಕುಶಲಕರ್ಮಿಗಳಿಗೂ ಇದೇ ತೊಡಕು. ಅವರು ಕೊರೆದ ಹಾಳೆಯನ್ನು ಪದರ ಬಿಡಿಸಿ, ನಡುವೆ ನವಿರಾದ ರೇಷ್ಮೆ ಎಳೆಗಳನ್ನು ಅಡ್ಡಡ್ಡ ಇಟ್ಟು, ಎರಡು ಪದರಗಳನ್ನು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಮತ್ತೆ ಅಂಟಿಸಿದರು. ತೇಲುವ ತುಂಡುಗಳು ರೇಷ್ಮೆಯ ಮೇಲೆ ನಿಂತವು. ಎಳೆ ಎಷ್ಟು ತೆಳುವೆಂದರೆ, ಬಟ್ಟೆಗೆ ಬಳಿಯುವ ಬಣ್ಣತಡೆಯ ಅಕ್ಕಿ ಅಂಟು ಅದನ್ನು ಬಳಸಿ ಇಳಿಯುತ್ತದೆ, ಬಟ್ಟೆಯ ಮೇಲೆ ಎಳೆಯ ಗುರುತೇ ಇಲ್ಲ. ಮುಂದೆ ಎಳೆಗಳ ಬದಲು ರೇಷ್ಮೆಯ ಜಾಲರಿಯನ್ನೇ ಅಂಟಿಸತೊಡಗಿದರು. ರೇಷ್ಮೆ ಜಾಲರಿಯ ಮೇಲೆ ನಿಂತ ಆಕಾರ, ಆಕಾರದ ಸಂದಿನಿಂದ ಇಳಿಯುವ ಬಣ್ಣ. ಇನ್ನೇನು, ಟೀ ಶರ್ಟು ಕಾರ್ಖಾನೆಯ ಬಾಗಿಲಲ್ಲೇ ನಿಂತಂತಾಯಿತು. ಹತ್ತೊಂಬತ್ತನೇ ಶತಮಾನದ ಕೊನೆಗೆ ಕಟಗಾಮಿಗಳು ಯೂರೋಪಿಗೆ ಕಟ್ಟುಗಟ್ಟಲೆ ಹೋದವು. ಡ್ರೆಸ್ಡನ್ನಿನ ಅಲಂಕಾರ ಕಲೆಗಳ ಸಂಗ್ರಹಾಲಯವೊಂದರಲ್ಲೇ 15,000ಕ್ಕೂ ಹೆಚ್ಚು ಹಾಳೆಗಳಿವೆ. ಹೀಗಾಗಿ ಜಪಾನಿನ ಅಲೆ ಟೀ ಶರ್ಟಿನ ಮೇಲೆ ಮೂಡಿದಾಗ ಚಿತ್ರವೂ ಅಲ್ಲಿನದು, ಅಚ್ಚು ಹಾಕುವ ಉಪಾಯದ ಬಹುದೊಡ್ಡ ಪಾಲೂ ಅಲ್ಲಿನದು.

ಮರದಚ್ಚಿನ ತಂತ್ರದಿಂದಲೂ ಟೀ ಶರ್ಟಿನವರು ಕಲಿಯುವುದು ಬೇಕಾದಷ್ಟಿದೆ. 1765ರ ಸುಮಾರಿಗೆ ಸುಜುಕಿ ಹರುನೊಬು ಬಹುವರ್ಣದ ಮುದ್ರಣವನ್ನು ರೂಢಿಗೆ ತಂದ. ಒಂದೊಂದು ಬಣ್ಣಕ್ಕೆ ಒಂದೊಂದು ಚೆರ್ರಿ ಮರದ ಹಲಗೆ. ಬಣ್ಣಗಳು ಅದದೇ ಜಾಗದಲ್ಲಿ ಕೂರಲು ಹಲಗೆಯ ಮೂಲೆಯಲ್ಲಿ ಒಂದು, ಅಂಚಿನಲ್ಲಿ ಒಂದು ಪುಟ್ಟ ಕಚ್ಚು. ಕೆಂತೊ ಎಂದು ಅದರ ಹೆಸರು. ಹಾಳೆಯನ್ನು ಆ ಕಚ್ಚುಗಳಿಗೆ ತಾಗಿಸಿ ಇಟ್ಟರೆ ಸಾಕು. ಚಿತ್ರಕಾರ, ಕೆತ್ತುವವನು, ಮುದ್ರಿಸುವವನು, ಹಣ ಹೂಡಿ ಎಲ್ಲರನ್ನೂ ಕೂಡಿಸುವ ಪ್ರಕಾಶಕ, ನಾಲ್ವರು ಸೇರಿದರೆ ಒಂದು ಚಿತ್ರ. ಅಲೆಯ ಆ ನೀಲಿ ಬರ್ಲಿನ್ನಿನಲ್ಲಿ ಹದಿನೆಂಟನೇ ಶತಮಾನದ ಆರಂಭದಲ್ಲಿ ಹುಟ್ಟಿದ ಪ್ರಷಿಯನ್ ನೀಲಿ, ನಾಗಸಾಕಿ ಬಂದರಿನ ಮೂಲಕ ಬಂದದ್ದು. ಇಂಥ ಎಷ್ಟೋ ಚಿತ್ರಗಳಲ್ಲಿ ಆಕಾಶ ಮೇಲಿಂದ ಕೆಳಕ್ಕೆ ತಿಳಿಯಾಗುತ್ತ ಹೋಗುವುದು ಬೊಕಾಶಿ. ಮುದ್ರಕ ಪ್ರತಿ ಹಾಳೆಗೂ ಹೊಸದಾಗಿ ಹಲಗೆಯನ್ನು ಒದ್ದೆ ಮಾಡಿ ಕುಂಚದಿಂದ ಬಣ್ಣ ಸವರಿ ಅದನ್ನು ಸಾಧಿಸುತ್ತಿದ್ದ. ಸ್ಕ್ರೀನಿನಲ್ಲಿ ಆ ಹದ ಬರುವುದಿಲ್ಲ. ಬಣ್ಣವನ್ನು ಚುಕ್ಕೆಗಳಾಗಿ ಒಡೆಯಬೇಕು, ಹತ್ತಿರದಿಂದ ನೋಡಿದರೆ ಚುಕ್ಕೆ ಎದ್ದು ಕಾಣುತ್ತವೆ. ಜಾಣ ಮುದ್ರಕರು ಅದಕ್ಕಾಗಿ ಹಟ ಹಿಡಿಯುವುದಿಲ್ಲ. ಬೊಕಾಶಿ ಬಿಟ್ಟು ಗಟ್ಟಿ ಗೆರೆ, ಸಪಾಟು ಬಣ್ಣಗಳನ್ನು ನೆಚ್ಚುತ್ತಾರೆ. ಹೊಕುಸಾಯಿಯ ಗೆರೆ ಆ ಪರೀಕ್ಷೆಯಲ್ಲೂ ಗೆಲ್ಲುತ್ತದೆ.

ಹಾಗಾದರೆ ಉದುರಿಹೋದದ್ದು ಏನು? ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯ 2017ರ ಫೆಬ್ರುವರಿಯಲ್ಲಿ 3,75,000 ಚಿತ್ರಗಳನ್ನು ಯಾರು ಬೇಕಾದರೂ ಹೇಗೆ ಬೇಕಾದರೂ ಬಳಸಿ ಎಂದು ಬಿಟ್ಟುಕೊಟ್ಟಿತು. ಅದರಲ್ಲಿ ಅಲೆಯೂ ಇದೆ. ಇದು ಉದಾರ ಕೆಲಸ, ನಾನು ಅದನ್ನು ಮನಸಾರೆ ಮೆಚ್ಚುತ್ತೇನೆ. ಅಲ್ಲಿಂದ ಚಿತ್ರ ಇಳಿಸಿಕೊಂಡು ತಿರುಪ್ಪೂರಿನ ಹೆಣಿಗೆ ಅಂಗಿಯ ಮೇಲೆ ಒಂದು ಮಧ್ಯಾಹ್ನದಲ್ಲಿ ಅಚ್ಚು ಹಾಕಬಹುದು. ಆದರೆ ಅಂಗಿಯ ಚೌಕಕ್ಕೆ ಹೊಂದಿಸಲು ಚಿತ್ರವನ್ನು ಕತ್ತರಿಸುತ್ತಾರೆ. ಮೂಲದಲ್ಲಿ ಅಲೆಯ ಕೆಳಗೆ ಮೂರು ದೋಣಿಗಳಿವೆ. ಎದೊ ಮಾರುಕಟ್ಟೆಗೆ ತಾಜಾ ಮೀನು ಮುಟ್ಟಿಸುವ ವೇಗದ ದೋಣಿಗಳು. ಸುಮಾರು ಮೂವತ್ತು ಜನ ಹುಟ್ಟುಗಳಿಗೆ ಬಗ್ಗಿ ಅವಚಿಕೊಂಡಿದ್ದಾರೆ. ದೂರದಲ್ಲಿ ಅಲೆಗಿಂತ ಚಿಕ್ಕದಾಗಿ ಫೂಜಿ ಪರ್ವತ, ಅದರ ಮೇಲೆ ನೊರೆಯ ಹನಿಗಳು ಹಿಮದಂತೆ ಉದುರುತ್ತಿವೆ. ಅಂಗಿಗಳಲ್ಲಿ ಮೊದಲು ಮಾಯವಾಗುವವರು ದೋಣಿಯ ಮನುಷ್ಯರು. ಆಮೇಲೆ ಪರ್ವತ. ಉಳಿಯುವುದು ಒಂದು ಸುಂದರ ನೀಲಿ ಸುರುಳಿ. ಕೆಲವರು ಅದನ್ನು ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿಯೂ ಹಾಕುತ್ತಾರೆ. ಬಲದಿಂದ ಎಡಕ್ಕೆ ಓದುವ ಎದೊದ ಕಣ್ಣು ದೋಣಿಯವರ ಜೊತೆ ಹೊರಟು ಅಲೆಗೆ ಎದುರಾಗುತ್ತಿತ್ತು. ತಿರುಗಿಸಿದರೆ ಆ ಎದುರಾಗುವಿಕೆಯೇ ಇಲ್ಲ. ಆ ಮೂವತ್ತು ಜನ ಇಲ್ಲದಿದ್ದರೆ ಅದು ನೀರು ಮಾತ್ರ, ಭಯವೂ ಇಲ್ಲ ಧೈರ್ಯವೂ ಇಲ್ಲ.

ಕುನಿಯೋಶಿಯ ಅಸ್ಥಿಪಂಜರಕ್ಕೂ ಇದೇ ಗತಿ. 1844ರ ಸುಮಾರಿನ ಆ ಚಿತ್ರ ಮೂರು ಹಾಳೆ ಜೋಡಿಸಿದ ದೊಡ್ಡ ದೃಶ್ಯ. ಪಾಳುಬಿದ್ದ ಅರಮನೆ, ಸುರುಳಿ ಹಿಡಿದು ಮಂತ್ರ ಓದುವ ರಾಜಕುಮಾರಿ ತಾಕಿಯಾಶಾ, ಅವಳನ್ನು ಹಿಡಿಯಲು ಬಂದ ಯೋಧ. ಅಸ್ಥಿಪಂಜರ ಬಂದದ್ದೇ ಅವಳು ಕರೆದಾಗ. ಅಂಗಿಯ ಮೇಲೆ ಅವಳಿಲ್ಲ.

ಕೊಂಬಿನ ಹನ್ಯಾ ಮುಖವಾಡದ ವಿಷಯ ಇನ್ನೂ ಗಂಭೀರ. ಅದನ್ನು ಜಪಾನೀ ರಾಕ್ಷಸ ಎಂದು ಮಾರುತ್ತಾರೆ. ಅದು ಹೆಣ್ಣಿನ ಮುಖ. ನೋ ರಂಗಭೂಮಿಯ ಆಓಯಿ ನೊ ಉಎ ನಾಟಕದಲ್ಲಿ ರಾಜಕುವರ ಗೆಂಜಿಯಿಂದ ದೂರವಾದ ರೊಕುಜೊ ಎಂಬಾಕೆಯ ಮತ್ಸರವೇ ರೂಪ ತಾಳಿ ಅವನ ಹೆಂಡತಿಯ ಮೇಲೆ ಎರಗುತ್ತದೆ. ಮುಖವಾಡ ಕೆತ್ತಿದವನು ಅದರಲ್ಲಿ ಎರಡನ್ನು ಇಟ್ಟಿದ್ದಾನೆ: ನಟ ತಲೆ ಎತ್ತಿದರೆ ಕೋಪ, ತಗ್ಗಿಸಿದರೆ ಅಳು. ಸಪಾಟು ಬಟ್ಟೆಯ ಮೇಲೆ ಮುಖ ತಗ್ಗುವುದಿಲ್ಲ, ಹಾಗಾಗಿ ಅಳು ಕಾಣುವುದಿಲ್ಲ. ವಿನ್ಯಾಸ ಮಾಡುವವರು ಒಮ್ಮೆ ಆ ಮುಖವಾಡವನ್ನು ಕೆಳಮುಖವಾಗಿ ಬಿಡಿಸಿ ನೋಡಲಿ ಎಂದು ನನಗೆ ಆಸೆ.

ಇನ್ನೊಂದು ಚಿತ್ರದ ಬಗ್ಗೆ ಎಚ್ಚರ ಹೇಳಲೇಬೇಕು. ಕೆಂಪು ಸೂರ್ಯನಿಂದ ಹದಿನಾರು ಕಿರಣಗಳು ಚಾಚಿರುವ ವಿನ್ಯಾಸ ಇಂಥ ಅಂಗಿಗಳಲ್ಲಿ ಧಾರಾಳ. ಅದು 1870ರಿಂದ ಜಪಾನಿನ ಸೇನೆಯ, 1889ರಿಂದ ನೌಕಾಪಡೆಯ ಬಾವುಟವಾಗಿತ್ತು. 1910ರಿಂದ 1945ರವರೆಗೆ ಜಪಾನಿನ ಆಳ್ವಿಕೆ ಅನುಭವಿಸಿದ ಕೊರಿಯಾದ ಜನರಿಗೆ, ಯುದ್ಧದಲ್ಲಿ ನೊಂದ ಚೀನೀಯರಿಗೆ ಅದನ್ನು ನೋಡಿದರೆ ಇಂದಿಗೂ ಎದೆ ಉರಿಯುತ್ತದೆ. ಬೆಂಗಳೂರಿನಲ್ಲಿ ಕೊರಿಯಾದವರೂ ಇದ್ದಾರೆ. ಆ ಅಂಗಿ ತೊಡದಿರುವುದು ಒಳ್ಳೆಯದು.

ಚಿತ್ರಗಳ ಬಗ್ಗೆಯೇ ಹೇಳಿದೆ. ಮಾದರಿಗಳ ಒಡೆತನದ ಒಂದು ಕಥೆ ಬಾಕಿ ಇದೆ. ಕಬುಕಿ ನಟ ಸನೊಗಾವಾ ಇಚಿಮತ್ಸು 1741ರಲ್ಲಿ ಎದೊ ರಂಗದ ಮೇಲೆ ಚೌಕಳಿಯ ಉಡುಪು ತೊಟ್ಟ. ಊರಿಡೀ ಅದನ್ನೇ ತೊಟ್ಟಿತು. ಚೌಕಳಿಗೆ ಇಚಿಮತ್ಸು ಎಂದೇ ಹೆಸರಾಯಿತು. ನಟರ ಹಿಂಬಾಲಕರು ನಟರ ಗುರುತು ತೊಡುವ ಈ ಚಟ ಆಮೇಲೆ ಇನ್ನೂ ಬೆಳೆಯಿತು. ಏಳನೆಯ ದಂಜೂರೊ ಎಂಬ ಕಬುಕಿ ನಟ ಕುಡುಗೋಲು, ಉಂಗುರ ಮತ್ತು ಒಂದು ಅಕ್ಷರವನ್ನು ಸಾಲಾಗಿ ಇಟ್ಟು, ಏನಾದರೂ ಆಗಲಿ ನನಗೆ ಪರವಾಗಿಲ್ಲ ಎಂಬರ್ಥ ಬರುವ ಚಿತ್ರಬರಹವನ್ನು ಜನಪ್ರಿಯಗೊಳಿಸಿದ. ಇನ್ನೊಬ್ಬ ನಟ ಮೂರನೆಯ ಕಿಕುಗೊರೊ ಕೊಡಲಿ, ಕೊತೊ ವಾದ್ಯ, ಸೇವಂತಿಗೆ ಹೂ ಸೇರಿಸಿ ಶುಭ ಸುದ್ದಿಯ ಉತ್ತರ ಕೊಟ್ಟ. ಅಭಿಮಾನಿಗಳು ಎರಡನ್ನೂ ಯುಕಾತಾ ಎಂಬ ಹತ್ತಿ ಉಡುಪುಗಳ ಮೇಲೆ ತೊಟ್ಟು ಬೀದಿಯಲ್ಲಿ ನಡೆದರು. ನಮ್ಮಲ್ಲಿ ಸಿನಿಮಾ ನಾಯಕರ ಸಂಭಾಷಣೆಯ ಅಂಗಿಗಳು ಬಂದದ್ದು ಇತ್ತೀಚೆಗೆ.

ಅದೇ ಇಚಿಮತ್ಸು ಚೌಕಳಿ ಹಸಿರು ಕಪ್ಪಿನಲ್ಲಿ ಡೀಮನ್ ಸ್ಲೇಯರ್ ಎಂಬ ಜಪಾನೀ ಚಿತ್ರಕಥೆಯ ಹುಡುಗ ತಾಂಜಿರೊನ ಮೇಲಂಗಿಯಾಗಿ ಜಗತ್ತನ್ನೇ ಸುತ್ತಿತು. ಅದರ ಪ್ರಕಾಶನ ಸಂಸ್ಥೆ ಶುಯೇಶಾ 2020ರಲ್ಲಿ ಆರು ಪಾತ್ರಗಳ ಉಡುಪಿನ ಮಾದರಿಗಳಿಗೆ ಟ್ರೇಡ್‌ಮಾರ್ಕ್ ಕೇಳಿತು. ಮರುವರ್ಷ ಜಪಾನಿನ ಪೇಟೆಂಟ್ ಕಚೇರಿ ಮೂರಕ್ಕೆ ಒಪ್ಪಿ ಮೂರನ್ನು ನಿರಾಕರಿಸಿತು. ನಿರಾಕರಿಸಿದವು ತಾಂಜಿರೊನ ಚೌಕಳಿ, ಅವನ ತಂಗಿಯ ಸೆಣಬಿನೆಲೆ ಮಾದರಿ, ಜೊತೆಗಾರ ಝೆನಿತ್ಸುವಿನ ತ್ರಿಕೋನಗಳ ಮೀನುಹುರುಪೆ. ಇವು ಎಲ್ಲರೂ ಬಳಸುವ ಅಲಂಕಾರ, ಒಬ್ಬ ಮಾರಾಟಗಾರನ ಗುರುತಾಗಲಾರವು ಎಂಬುದು ನಿಲುವು. ಸೆಣಬು ಬೇಗ, ನೇರವಾಗಿ ಬೆಳೆಯುತ್ತದೆಂದು ತಾಯಂದಿರು ಎಳೆಗೂಸಿನ ಬಟ್ಟೆಗೆ ಹಾಕುತ್ತಿದ್ದ ಮಾದರಿ ಅದು. ಅದಕ್ಕೆ ಬೇಲಿ ಹಾಕಲು ಬಿಡದ ಆ ಕಚೇರಿಯ ತೀರ್ಮಾನವನ್ನು ನಾನು ಗೌರವಿಸುತ್ತೇನೆ.

ಈ ಮಾದರಿಗಳ ಸಂಸಾರದಲ್ಲಿ ನಮ್ಮ ದೇಶದ ಪಾಲೂ ಇದೆ. ಡಚ್ ಹಡಗುಗಳು ಕೋರಮಂಡಲ ತೀರದ ಬಣ್ಣದ ಹತ್ತಿಯನ್ನು ಜಪಾನಿಗೆ ಒಯ್ದವು. ಹೂಬಳ್ಳಿಯದು ಅಲ್ಲಿ ಸರಾಸಾ ಆಯಿತು, ಪಟ್ಟೆಯದು ಮೈಲಾಪುರದ ಪಕ್ಕದ ಸಾಂತೊಮೆಯ ಹೆಸರಿನಲ್ಲೇ ಸಾಂತೊಮೆ ಎಂದಾಯಿತು. ಎದೊದ ಷೋಕಿಗಾರರು ಅಷ್ಟು ಮೆಚ್ಚಿದ ಪಟ್ಟೆಗಳಲ್ಲಿ ನಮ್ಮ ಕರಾವಳಿಯ ಮಗ್ಗಗಳ ನೆನಪಿದೆ.

ಈಗ ಕನ್ನಡ ಅಕ್ಷರದ ಅಂಗಿಗಳು ಬಂದಿವೆ, ಯಕ್ಷಗಾನದ ಕಿರೀಟ, ತೊಗಲುಗೊಂಬೆ, ಕಸೂತಿಯ ಗೋಪುರ ಬಂದಿವೆ. ನನಗೆ ಇದು ಸಂತೋಷ. ಮಾಡುವ ಹುಡುಗ ಹುಡುಗಿಯರಿಗೆ ಜಪಾನಿನ ಅನುಭವದಿಂದ ಒಂದು ಸಣ್ಣ ಕೋರಿಕೆ. ಕಸೂತಿಗೆ ಭೌಗೋಳಿಕ ಸೂಚಿಕೆ ಸಿಕ್ಕಿದೆ, ಆದರೆ ಗೋಪುರವನ್ನು ಅಚ್ಚು ಹಾಕುವಾಗ ಅದು ಗವಂತಿ ಹೊಲಿಗೆಯೋ ಮುರ್ಗಿ ಹೊಲಿಗೆಯೋ, ಯಾವ ಊರಿನ ಯಾರ ಸೀರೆಯಿಂದ ತೆಗೆದದ್ದು ಎಂದು ಕತ್ತಿನ ಪಟ್ಟಿಯಲ್ಲಿ ಬರೆಯಿರಿ. ಯೂನಿಕ್ಲೊದಂಥ ಜಪಾನೀ ಸಂಸ್ಥೆ 2007ರಲ್ಲಿ ಟೋಕಿಯೊದ ಹರಾಜುಕುವಿನಲ್ಲಿ ಟೀ ಶರ್ಟುಗಳಿಗೆಂದೇ ಅಂಗಡಿ ತೆರೆದು, ಪಾರದರ್ಶಕ ಡಬ್ಬಿಗಳಲ್ಲಿಟ್ಟು ಮಾರಿತು; ಹೊಕುಸಾಯಿಯ ಚಿತ್ರಗಳನ್ನೂ ಅವನ ಹೆಸರಿನೊಂದಿಗೇ ತಂದಿತು. ಅಷ್ಟು ಒಳ್ಳೆಯದೇ. ಆದರೆ ಅಲೆಯ ಮೂಲ ಹಾಳೆಯಲ್ಲಿ ಸರಣಿಯ ಹೆಸರಿದೆ, ಹೊಕುಸಾಯಿಯ ರುಜು ಇದೆ. ಕೆತ್ತಿದವನ ಹೆಸರಿಲ್ಲ, ಮುದ್ರಿಸಿದವನ ಹೆಸರಿಲ್ಲ. ನೊರೆಯ ಆ ಉಗುರುಗಳನ್ನು ಚೆರ್ರಿ ಮರದಲ್ಲಿ ಬಿಡಿಸಿದ್ದು ಹೊಕುಸಾಯಿ ಅಲ್ಲ, ಆ ಕೆತ್ತಿದವನು. ಟೋಕಿಯೊದ ಅಡಾಚಿ ಸಂಸ್ಥೆಯಲ್ಲಿ ಇಂದಿಗೂ ಕೆತ್ತುವವರು, ಮುದ್ರಿಸುವವರು ಅದೇ ಅಲೆಯನ್ನು ಕೈಯಿಂದಲೇ ತೆಗೆಯುತ್ತಾರೆ, ಹೊಸಬರಿಗೆ ಕಲಿಸುತ್ತಾರೆ. ನಮ್ಮ ಅಂಗಿಗಳ ಪಟ್ಟಿಯಲ್ಲಿ ಜಾಗ ಚಿಕ್ಕದು, ಆದರೂ ಬಿಡಿಸಿದವರು ಇಂಥವರು, ಸ್ಕ್ರೀನ್ ಎಳೆದವರು ಇಂಥವರು ಎಂಬ ಎರಡು ಸಾಲಿಗೆ ಸಾಕಾಗುತ್ತದೆ.

ಪ್ರಶ್ನೆಗಳಿದ್ದರೆ ಕೇಳಿ. ಹಿನಗತಾ ಪುಟಗಳ ಮತ್ತು ಬೆಂಕಿದಳದ ಕೋಟುಗಳ ಚಿತ್ರಗಳನ್ನು ತಂದಿದ್ದೇನೆ, ಹೊರಗಿನ ಮೇಜಿನ ಮೇಲಿಟ್ಟಿದ್ದೇವೆ.